ಮೊದಲು ಪಟ್ಟಿ, ಆಮೇಲೆ ಪಕ್ಷ

ಹದಿನೆಂಟು ತುಂಬಿದ, ತುಂಬಲಿರುವ ಕಿರಿಯರಿಗೆ,

ಭಾರತದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರ ಮಾರ್ಚ್‌ನಲ್ಲಿ, ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದಾಗ. ಅದೇ ವರ್ಷದ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ನಡೆದು, ಹೊಸಬರ ಕೈಗೆ ಮೊದಲ ಸಲಕ್ಕೇ ಎರಡೆರಡು ಮತಪತ್ರ ಬಂದವು. ಮೂವತ್ತೈದು ವರ್ಷ ಕಳೆದು 2024ರ ಲೋಕಸಭಾ ಚುನಾವಣೆ ಬರುವಷ್ಟರಲ್ಲಿ, ದೇಶದ ಮತದಾರರ ಪಟ್ಟಿಯಲ್ಲಿ 18–19 ವಯಸ್ಸಿನವರು ಇದ್ದದ್ದು ಸುಮಾರು 1.8 ಕೋಟಿ. ಆ ವಯಸ್ಸಿನ ಒಟ್ಟು ಜನರಲ್ಲಿ ಇದು ಅರ್ಧಕ್ಕೂ ಕಡಿಮೆ. ಹುಡುಗರಿಗೆ ಆಸಕ್ತಿಯಿಲ್ಲ ಎಂದು ಹಿರಿಯರು ಗೊಣಗುವುದು ಮತದಾನದ ದಿನ ಬೂತ್ ಖಾಲಿ ಕಂಡಾಗ. ಬಹಳಷ್ಟು ಮತಗಳು ಕೈತಪ್ಪುವುದು ಅದಕ್ಕೂ ಎಷ್ಟೋ ತಿಂಗಳ ಮೊದಲು, ಪಟ್ಟಿಯಲ್ಲೇ.

ಮೊದಲೆಲ್ಲ ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು. ಜನವರಿ 2ರಂದು ಹದಿನೆಂಟು ತುಂಬಿದವರು ವರ್ಷವಿಡೀ ಕಾಯಬೇಕಿತ್ತು. 2021ರ ಕಾನೂನು ತಿದ್ದುಪಡಿಯಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳು ನಾಲ್ಕೂ ಅರ್ಹತಾ ದಿನಗಳಾಗಿವೆ. ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಹೊಸ ಹೆಸರಿಗೆ ನಮೂನೆ-6, ವಿಳಾಸ ಬದಲಾವಣೆಗೆ ನಮೂನೆ-8. ಚುನಾವಣಾ ಆಯೋಗದ ಜಾಲತಾಣದಲ್ಲಿ ತುಂಬಬಹುದು, ಬೂತ್ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಕೈಗೂ ಕೊಡಬಹುದು. ಬಿಎಲ್‌ಒ ಎಂದರೆ ಹೆಚ್ಚಾಗಿ ಅದೇ ಊರಿನ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಮೇಷ್ಟ್ರು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ. ಅರ್ಜಿಯ ಪರಿಶೀಲನೆಗೂ ದಿನ ಹಿಡಿಯುವುದರಿಂದ ಚುನಾವಣೆ ಘೋಷಣೆಯಾದ ಮೇಲೆ ಓಡಾಡುವುದು ತಡವೇ.

ಕಿರಿಯರ ನಿಜವಾದ ತೊಡಕು ಅರ್ಜಿಯದಲ್ಲ, ವಿಳಾಸದ್ದು. ಹೆಸರು ಕಲಬುರಗಿಯ ಊರಿನಲ್ಲಿ, ಓದು ಬೆಂಗಳೂರಿನ ಹಾಸ್ಟೆಲಿನಲ್ಲಿ. ಕಾನೂನು ಕೇಳುವುದು ಮತದಾರನ ಸಾಮಾನ್ಯ ವಾಸಸ್ಥಳವನ್ನು. ಆದ್ದರಿಂದ ಹಾಸ್ಟೆಲ್ ವಿದ್ಯಾರ್ಥಿಗಳು ತಂದೆತಾಯಿಯ ಊರಿನಲ್ಲೋ ಓದುವ ಊರಿನಲ್ಲೋ ಹೆಸರು ಇಟ್ಟುಕೊಳ್ಳಬಹುದು. ಓದುವ ಊರಾದರೆ ಕಾಲೇಜಿನ ಮುಖ್ಯಸ್ಥರ ದೃಢೀಕರಣ ಪತ್ರ ಬೇಕು. ಎರಡು ಕಡೆ ಇರುವಂತಿಲ್ಲ. ಮೂರು–ನಾಲ್ಕು ವರ್ಷ ಒಂದೇ ಊರಿನಲ್ಲಿರುವವರು ಹೆಸರನ್ನು ಅಲ್ಲಿಗೇ ತರಿಸಿಕೊಳ್ಳುವುದು ಲೇಸು. 2024ರ ಏಪ್ರಿಲ್ 26ರ ಮತದಾನ ಶುಕ್ರವಾರ ಬಂದಿತ್ತು. ಮೂರು ದಿನದ ರಜೆಯಲ್ಲಿ ಊರಿನ ಬಸ್ ಹತ್ತಿದವರೆಲ್ಲ ಮತ ಹಾಕಲೆಂದೇ ಹೊರಟಿರಲಿಲ್ಲ. 2023ರ ವಿಧಾನಸಭಾ ಚುನಾವಣೆಯನ್ನು ಆಯೋಗ ಬುಧವಾರಕ್ಕೆ ಇಟ್ಟದ್ದು ಇದನ್ನು ತಪ್ಪಿಸುವುದಕ್ಕೇ. ಕೆಲಸಕ್ಕೆ ಸೇರಿದವರಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮು ಹೇಳುತ್ತದೆ; ದಿನಗೂಲಿಯವರಿಗೂ ಅದು ಅನ್ವಯ.

ಇನ್ನು ಬೇಸರದ ಮಾತು. ರಾಜಕೀಯದ ಬಗ್ಗೆ ಕಿರಿಯರ ಅಸಡ್ಡೆಗೆ ಕಾರಣವಿಲ್ಲವೆಂದರೆ ಸುಳ್ಳಾಗುತ್ತದೆ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತು ದಶಕಗಳೇ ಆಗಿವೆ. ಭಾಷಣ, ಪ್ರಚಾರ, ಸೋಲು ಯಾವುದರ ಅಭ್ಯಾಸವೂ ಇಲ್ಲದೆ ಒಂದು ತಲೆಮಾರೇ ಮತದಾರರಾಗಿದೆ. ಬೆಂಗಳೂರಿನಲ್ಲಿ ಬಿಬಿಎಂಪಿ ಚುನಾವಣೆ 2015ರ ಆಗಸ್ಟ್‌ನಲ್ಲಿ ನಡೆದದ್ದೇ ಕೊನೆ. ಆ ಕೌನ್ಸಿಲ್‌ನ ಅವಧಿ 2020ರಲ್ಲಿ ಮುಗಿಯಿತು, 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು, ಆ ವರ್ಷ ಮುಗಿದರೂ ಚುನಾವಣೆ ಮಾತ್ರ ನಡೆಯಲಿಲ್ಲ. 2016ರಲ್ಲಿ ಹದಿನೆಂಟಾದ ಬೆಂಗಳೂರಿಗನಿಗೆ ಇಪ್ಪತ್ತೇಳಾದರೂ ತನ್ನ ವಾರ್ಡಿನ ಕಾರ್ಪೊರೇಟರನ್ನು ಆರಿಸುವ ಅವಕಾಶ ಸಿಗಲಿಲ್ಲ. 2024ರಲ್ಲಿ ರಾಜ್ಯದಿಂದ ಗೆದ್ದ ಇಬ್ಬರು ಎಳೆಯ ಸಂಸದರು, ಬೀದರಿನ ಸಾಗರ್ ಖಂಡ್ರೆ ಮತ್ತು ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ, ಆಗ ಸಚಿವರಾಗಿದ್ದವರ ಮಕ್ಕಳು. ಬಾಗಿಲು ಯಾರಿಗೆ ತೆರೆಯುತ್ತದೆಂಬ ಕಿರಿಯರ ಅನುಮಾನ ಬರಿಯ ಸಿನಿಕತನವಲ್ಲ.

ಹಾಗಿದ್ದರೂ ಮತ ಏಕೆ ಹಾಕಬೇಕು? ಒಂದು ಮತದಿಂದ ಗೆಲುವು ಸೋಲು ತೀರ್ಮಾನವಾದ ಕಥೆಯನ್ನು ಎಲ್ಲರೂ ಹೇಳುತ್ತಾರೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಸೋತವರ ಕಾರಿನ ಚಾಲಕನೇ ಅಂದು ಮತ ಹಾಕಿರಲಿಲ್ಲವೆಂಬ ಮಾತು ಈಗಲೂ ಚಾಲ್ತಿಯಲ್ಲಿದೆ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆಯ ಬಳಿಕ ಘೋಷಣೆಯಾದ ಅಂತರ 16. ಆದರೆ ಇಂಥವು ಅಪರೂಪ, ಹೆಚ್ಚಿನ ಕ್ಷೇತ್ರಗಳಲ್ಲಿ ಅಂತರ ಸಾವಿರಗಳಲ್ಲಿ ಇರುತ್ತದೆ. ಅಪರೂಪವನ್ನೇ ಕಾರಣವಾಗಿ ಕೊಟ್ಟರೆ ಲೆಕ್ಕ ಬಲ್ಲ ಕಿರಿಯರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಗಟ್ಟಿ ಕಾರಣ ಬೇರೆಯಿದೆ. ಎಣಿಕೆ ಮುಗಿದ ಮೇಲೆ ನಮೂನೆ-20 ಎಂಬ ತಖ್ತೆ ಹೊರಬೀಳುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಯಾರು ಯಾರಿಗೆ ಹಾಕಿದರೆಂಬುದು ಗುಟ್ಟು, ಯಾವ ಬೀದಿ ಹಾಕಿತು ಎಂಬುದು ಗುಟ್ಟಲ್ಲ. ಪಕ್ಷದ ಕಚೇರಿಗಳಲ್ಲಿ ಮುಂದಿನ ಐದು ವರ್ಷ ತಿರುವಿ ನೋಡುವುದು ಆ ತಖ್ತೆಯನ್ನೇ. ಮತ ಬೀಳದ ಹಾಸ್ಟೆಲ್ ರಸ್ತೆಗೆ, ಪಿ.ಜಿ.ಗಳ ಬಡಾವಣೆಗೆ ಯಾರೂ ಹೆದರಬೇಕಿಲ್ಲ, ಯಾರೂ ಓಲೈಸಬೇಕಿಲ್ಲ. 2024ರಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಆದದ್ದು ಶೇ 53ರ ಆಸುಪಾಸು. ಮನೆ ಬದಲಿಸಿದವರ ಹೆಸರು ಹಳೆಯ ಪಟ್ಟಿಯಲ್ಲೇ ಉಳಿದಿರುವುದೂ ನಗರದ ಪ್ರಮಾಣ ತಗ್ಗಲು ಒಂದು ಕಾರಣ. ಮಾತು ತಿರುಗಿ ಪಟ್ಟಿಗೇ ಬರುತ್ತದೆ.

ಯಾರೂ ಬೇಡವೆನ್ನುವವರಿಗೆ ನೋಟಾ ಇದೆ; ಸುಪ್ರೀಂ ಕೋರ್ಟ್ 2013ರಲ್ಲಿ ಕೊಡಿಸಿದ್ದು. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನೋಟಾ ಮತಗಳು ಬಿದ್ದವು. ಎದುರಾಳಿ ಪಕ್ಷದ ಅಭ್ಯರ್ಥಿ ಕಣದಿಂದ ಹಿಂದೆ ಸರಿದಿದ್ದ ಸಿಟ್ಟು ಅದು. ಫಲಿತಾಂಶ ಬದಲಾಗಲಿಲ್ಲ, ಬದಲಾಗುವಂತೆಯೂ ಇರಲಿಲ್ಲ: ನೋಟಾಕ್ಕೆ ಎಷ್ಟೇ ಬಿದ್ದರೂ ಅಭ್ಯರ್ಥಿಗಳ ಪೈಕಿ ಮುಂದಿದ್ದವರೇ ಗೆಲ್ಲುತ್ತಾರೆ. ಸಿಟ್ಟು ತಖ್ತೆಯಲ್ಲಿ ದಾಖಲಾಗಬೇಕೆಂದರೆ ನೋಟಾ ಸರಿ, ಬದಲಾವಣೆ ಬೇಕೆಂದರೆ ಸಾಲದು.

ಯಾರಿಗೆ ಎಂಬುದು ಹಿರಿಯರು ಹೇಳಬೇಕಾದ ಮಾತಲ್ಲ. ಕುಕ್ಕರ್, ಸೀರೆ ಹಂಚಿದವರಿಗೆ ಋಣ ತೀರಿಸಬೇಕೆಂದೇನೂ ಇಲ್ಲ, ಮತ ಗುಪ್ತ. ಅಭ್ಯರ್ಥಿಗಳು ನಾಮಪತ್ರದ ಜೊತೆ ಸಲ್ಲಿಸುವ ಅಫಿಡವಿಟ್ ಮಾತ್ರ ಓದಿಯೇ ತೀರಬೇಕು. ಆಸ್ತಿ, ಸಾಲ, ಓದು, ಮೇಲಿರುವ ಕ್ರಿಮಿನಲ್ ಪ್ರಕರಣ ಎಲ್ಲವೂ ಅದರಲ್ಲಿರುತ್ತವೆ, ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಿಂತ ಅರ್ಧ ಗಂಟೆಯ ಆ ಓದು ಹೆಚ್ಚು ಹೇಳುತ್ತದೆ. ಓದಿದ ಮೇಲೂ ಯಾರೂ ಒಪ್ಪಿಗೆಯಾಗದಿದ್ದರೆ ತಾವೇ ಕಣಕ್ಕಿಳಿಯಬಹುದು: ವಿಧಾನಸಭೆಗೆ ಸ್ಪರ್ಧಿಸಲು 25 ತುಂಬಬೇಕು, ಗ್ರಾಮ ಪಂಚಾಯಿತಿಗೆ 21 ಸಾಕು. ಅಲ್ಲಿ ಪಕ್ಷದ ಚಿಹ್ನೆಯೂ ಇಲ್ಲ.

ಮತಗಟ್ಟೆಯೊಳಗಿನ ಕೆಲಸ ಐದು ನಿಮಿಷದ್ದು. ಮೊದಲ ಅಧಿಕಾರಿ ಗುರುತಿನ ಚೀಟಿ ನೋಡಿ, ಪಕ್ಷದ ಏಜೆಂಟರಿಗೆ ಕೇಳುವಂತೆ ಹೆಸರು ಓದುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಮೈಸೂರಿನ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ಪಡೆದು ಯಂತ್ರವನ್ನು ಅಣಿಗೊಳಿಸುತ್ತಾರೆ. ನೀಲಿ ಗುಂಡಿ ಒತ್ತಿದರೆ ಪಕ್ಕದಲ್ಲಿ ಕೆಂಪು ದೀಪ ಹೊತ್ತುತ್ತದೆ. ಮತ ಖಾತ್ರಿಗೆಂದು ಇಟ್ಟಿರುವ ವಿವಿಪ್ಯಾಟ್ ಯಂತ್ರದ ಕಿಟಕಿಯಲ್ಲಿ ಅಭ್ಯರ್ಥಿಯ ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುತ್ತದೆ. ಅದನ್ನು ನೋಡದೆ ಹೊರಬರಬಾರದು. ತನ್ನ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿ ಹೋಗಿದ್ದರೆ ಸುಮ್ಮನೆ ಹಿಂತಿರುಗಬೇಕಿಲ್ಲ. ಮತಗಟ್ಟೆ ಅಧ್ಯಕ್ಷಾಧಿಕಾರಿಯನ್ನು ಕೇಳಿದರೆ, ಗುರುತು ಖಚಿತಪಡಿಸಿಕೊಂಡು ಕಾಗದದ ಮತಪತ್ರ ಕೊಡುತ್ತಾರೆ. ಟೆಂಡರ್ಡ್ ಮತ ಎನ್ನುವುದು ಅದನ್ನೇ. ಸಾಮಾನ್ಯ ಎಣಿಕೆಗೆ ಅದು ಸೇರುವುದಿಲ್ಲ, ಲಕೋಟೆಯಲ್ಲಿ ಬೇರೆಯಾಗಿ ಉಳಿಯುತ್ತದೆ. ಅಂತರ ಕಡಿಮೆಯಿದ್ದು ತಕರಾರು ಕೋರ್ಟಿಗೆ ಹೋದರೆ ಆ ಲಕೋಟೆ ತೆರೆಯಬಹುದು.