ಗಟ್ಟಿ ಉಕ್ಕು ಹಾಕಿದರೂ ಬೆಸುಗೆಯ ಅಂಚಿನಲ್ಲೇ ಬಿರುಕೇಕೆ?

ಡಂಪರ್ ಟ್ರಕ್ಕುಗಳನ್ನು ತಯಾರಿಸುವ ಬೆಮೆಲ್ ಘಟಕವಿರುವ ಮೈಸೂರಿನಲ್ಲಿ ಚಾಸಿಯ ವೆಲ್ಡಿಂಗ್ ಪರಿಚಿತ ಕಸುಬು. ಬಿರುಕು ಬಿಟ್ಟ ಚಾಸಿಗೆ ಇನ್ನೂ ಗಟ್ಟಿ ಉಕ್ಕು ಹಾಕಿದರೆ ಸಾಕೆಂಬ ನಂಬಿಕೆ ಮಾತ್ರ ಸರಿಯಲ್ಲ. ಭಾರತೀಯ ಮಾನಕ ಐಎಸ್ 2062ರ ಇ250 ದರ್ಜೆಯ ಉಕ್ಕಿಗಿಂತ ಇ650 ಉಕ್ಕು ಸ್ಥಿರ ಭಾರವನ್ನು ಹೆಚ್ಚು ತಡೆಯುತ್ತದೆ. ಆದರೆ ಬೆಸೆದು ಹಾಗೆಯೇ ಬಿಟ್ಟ ಕೀಲಿನಲ್ಲಿ ಎರಡರ ದಣಿವು ಬಾಳಿಕೆಯೂ, ಅಂದರೆ ಪದೇಪದೇ ಏರಿಳಿಯುವ ಭಾರವನ್ನು ತಾಳುವ ಆಯಸ್ಸೂ, ಹೆಚ್ಚುಕಡಿಮೆ ಒಂದೇ.

ಬೆಸುಗೆಯ ಅಂಚಿನಲ್ಲಿ, ಅಂದರೆ ಬೆಸುಗೆ ತಗಡಿಗೆ ಸೇರುವ ಗೆರೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಮತ್ತು ಸ್ಲ್ಯಾಗ್ ಉಳಿದಿರುತ್ತವೆ. ಒತ್ತಡ ಅಲ್ಲೇ ಸೇರುತ್ತದೆ. ಲೋಹ ತಣಿದು ಕುಗ್ಗುವಾಗ ಉಳಿಯುವ ಎಳೆತವೂ ಜೊತೆಗೂಡುತ್ತದೆ. ಹೀಗಾಗಿ ಬಿರುಕು ಹುಟ್ಟಲು ಕಾಲವೇ ಬೇಕಿಲ್ಲ. ಅದು ಬೆಳೆಯುವ ವೇಗ ಎಲ್ಲ ಉಕ್ಕಿನಲ್ಲೂ ಬಹುತೇಕ ಸಮಾನ. ಏರಿಳಿತದ ಒತ್ತಡ ಎರಡು ಪಟ್ಟಾದರೆ ಆಯಸ್ಸು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ದುರಸ್ತಿಯಲ್ಲಿ ಬಿರುಕನ್ನು ಕೊನೆಯವರೆಗೂ ಗ್ರೈಂಡ್ ಮಾಡಿ ತೆಗೆದ ಮೇಲಷ್ಟೇ ಬೆಸೆಯಬೇಕು. ಒಣಗಿಸಿದ ಕಡಿಮೆ ಹೈಡ್ರೋಜನ್ ಎಲೆಕ್ಟ್ರೋಡ್ ಬಳಸಬೇಕು, ತಯಾರಕರು ಹೇಳಿದಷ್ಟು ಮುಂಚಿತವಾಗಿ ಕಾಯಿಸಬೇಕು. ಅತಿಯಾದ ಶಾಖ ಕೊಟ್ಟರೆ ಹದಗೊಳಿಸಿದ ಉಕ್ಕು ಮೆದುವಾಗುತ್ತದೆ. ಅಂಚನ್ನು ಒತ್ತಡದ ದಿಕ್ಕಿಗೇ ಉಜ್ಜಿ ನಯಗೊಳಿಸುವುದು, ಟಿಗ್ ವೆಲ್ಡಿಂಗ್‌ನಿಂದ ಮರುಕರಗಿಸುವುದು, ಸುತ್ತಿಗೆಯಂಥ ಉಪಕರಣದಿಂದ ಬಡಿಯುವುದು ಫಲಕಾರಿ. ಬಡಿತದ ಲಾಭವಂತೂ ಗಟ್ಟಿ ಉಕ್ಕಿಗೇ ಹೆಚ್ಚು. ಚಾಸಿಯ ಮೇಲು-ಕೆಳ ಪಟ್ಟಿಗಳ ಅಂಚಿಗೆ ಅಡ್ಡ ಬೆಸುಗೆ ಹಾಕದಿರುವುದು ಎಲ್ಲಕ್ಕಿಂತ ಮುಖ್ಯ.