ಹಿರಿಯರು ಒಟ್ಟಾಗಿ ಬಾಳುವ ಮುನ್ನ

ಹಿರಿಯರನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ದಾದಿಯರು ಕೇಳುವ ಮೊದಲ ಪ್ರಶ್ನೆ: “ಮನೆಯಲ್ಲಿ ಯಾರಿದ್ದಾರೆ?” 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಕೆ.ಜಿ.ಎಫ್.ನ ಎಷ್ಟೋ ಮಕ್ಕಳು ಬಂಗಾರಪೇಟೆ ಮಾರ್ಗದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಗಲಿಡೀ ಮನೆಯಲ್ಲಿ ಉಳಿಯುವವರು ಹಿರಿಯರೇ.

ಅವರವರ ಕೋಣೆ ಅವರಿಗೆ, ಅಡುಗೆಮನೆ ಎಲ್ಲರಿಗೂ ಎಂಬಂತೆ ಹಿರಿಯರು ಕೂಡಿ ಬಾಳುವ ಪದ್ಧತಿ ಡೆನ್ಮಾರ್ಕ್ ಮುಂತಾದ ದೇಶಗಳಲ್ಲಿದೆ. ಇದು ವೃದ್ಧಾಶ್ರಮವಲ್ಲ, ಇರುವವರೇ ನಡೆಸುವ ಮನೆ. ಗಣಿ ಕಾಲೋನಿಯ ಲೈನ್ ಮನೆಗಳಂತೂ ಗೋಡೆಗೆ ಗೋಡೆ ಕೂಡಿಕೊಂಡೇ ಇವೆ. ಆದರೆ ನೆರೆಹೊರೆ ಇದ್ದರೆ ಸಾಲದು. ಈ ವಿಷಯಗಳನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು:

1. ಮನೆ: ಕಾಗದಪತ್ರ ಯಾರ ಹೆಸರಿನಲ್ಲಿದೆ ಎಂದು ನೋಡದೆ ರಿಪೇರಿಗೆ ಹಣ ಹಾಕಬೇಡಿ. ಮನೆಯವರು ತೀರಿಕೊಂಡರೆ ಉಳಿದವರು ಎಲ್ಲಿಗೆ ಹೋಗಬೇಕು ಎಂಬುದನ್ನೂ ಬರೆದಿಡಿ.

2. ಖರ್ಚು: ಒಬ್ಬರಿಗೆ ಪಿಂಚಣಿ, ಇನ್ನೊಬ್ಬರಿಗೆ ಮಗ ಕೊಟ್ಟಷ್ಟೇ. ಸಮಪಾಲು ಎಲ್ಲರಿಂದಲೂ ಆಗದು. ಹಣವಿಲ್ಲದವರು ಕೈಲಾದ ಕೆಲಸ ಮಾಡಲಿ, ಅದೂ ಕಾಯಕವೇ.

3. ಊಟ: ಕನ್ನಡ, ತಮಿಳು, ತೆಲುಗು ಮನೆಗಳು ಸೇರಿದಾಗ ರುಚಿ ಬೇರೆ, ಆಚಾರ ಬೇರೆ. ಸಕ್ಕರೆ ಕಾಯಿಲೆ, ಬಿ.ಪಿ. ಪಥ್ಯವೂ ಬೇರೆ. ಉಪ್ಪು ಕಡಿಮೆ ಹಾಕಿ ಬೇಯಿಸಿ. ಪಂಕ್ತಿಯಲ್ಲಿ ಭೇದ ಬೇಡ; ಶರಣರ ದಾಸೋಹ ಕಲಿಸಿದ್ದೂ ಅದನ್ನೇ.

4. ಕಾಯಿಲೆ: ಗಣಿಯ ದೂಳಿನಿಂದ ಬರುವ ಸಿಲಿಕೋಸಿಸ್, ಕೆಲಸ ಬಿಟ್ಟ ಎಷ್ಟೋ ವರ್ಷಗಳ ಮೇಲೂ ಹೆಚ್ಚಬಹುದು. ಅಂಥವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಒಲೆಯ ಹೊಗೆಯಿಂದ ಅವರನ್ನು ದೂರವಿಡಿ.

5. ರಾತ್ರಿ: ಒಬ್ಬರು ಬಿದ್ದರೆ ಬಾಗಿಲು ತೆಗೆಯುವವರು ಯಾರು? ಇನ್ನೊಂದು ಬೀಗದ ಕೈ ಪಕ್ಕದವರಲ್ಲಿರಲಿ. ಔಷಧಿಗಳ ಪಟ್ಟಿ, ಮಕ್ಕಳ ಫೋನ್ ನಂಬರು, 108 ಗೋಡೆಯ ಮೇಲಿರಲಿ.

6. ಮಿತಿ: ಹಾಸಿಗೆ ಹಿಡಿದವರನ್ನು, ಮರೆವು ಹೆಚ್ಚಾದವರನ್ನು ಇನ್ನೊಬ್ಬ ಮುದುಕರು ಎತ್ತಿ ಆರೈಕೆ ಮಾಡಲಾಗದು. ಆ ಹಂತದಲ್ಲಿ ಯಾರು ಬರುವರೆಂದು ಇಂದೇ ಮಾತಾಡಿಕೊಳ್ಳಿ.

ಸಂಬಂಧಿಕರೇ, ಹಿರಿಯರು ಕೂಡಿ ಬಾಳಿದರೆ ನಿಮ್ಮ ಹೊಣೆ ತೀರಲಿಲ್ಲ. ತಂದೆತಾಯಿಯರನ್ನು ನೋಡಿಕೊಳ್ಳುವುದು 2007ರ ಕಾಯ್ದೆಯ ಪ್ರಕಾರ ಮಕ್ಕಳ ಕರ್ತವ್ಯ. ಜೀವನಾಂಶ ಸಿಗದ ಹಿರಿಯರು ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಹಿರಿಯರ ಉಚಿತ ಸಹಾಯವಾಣಿ 14567.

ನೆನಪಿಡಿ: ಮನೆಗೆ ಹೊರಡುವ ಮುನ್ನ, ರಾತ್ರಿ ಕರೆದರೆ ಓಗೊಡುವ ಇಬ್ಬರ ಹೆಸರನ್ನು ಚೀಟಿಯಲ್ಲಿ ಬರೆದು ವಾರ್ಡಿನ ದಾದಿಯರಿಗೆ ತೋರಿಸಿ.