ಊರು ಮರೆಯಾದದ್ದು ಏಕೆ?

ಹೊರದೇಶಗಳ ಅಷ್ಟಾಗಿ ಹೆಸರಾಗದ ಊರುಗಳನ್ನು ಕುರಿತು ಬರೆಯುತ್ತ ಬಂದ ನನಗೆ ದೃಢವಾಗಿರುವ ಪಾಠ ಒಂದೇ: ಅಂಥ ಊರಿನಲ್ಲಿ ಏನೇನು ನೋಡಬೇಕೆಂದು ಹೇಳುವ ಮೊದಲು, ಅದು ಲೋಕದ ಕಣ್ಣಿನಿಂದ ಮರೆಯಾದದ್ದು ಏಕೆಂದು ತಿಳಿಯಬೇಕು. ಯಾವ ಊರೂ ಸುಮ್ಮನೆ ಮರೆಯಾಗುವುದಿಲ್ಲ. ಗಡಿ ಸರಿದಿರುತ್ತದೆ, ವ್ಯಾಪಾರದ ದಾರಿ ತಪ್ಪಿರುತ್ತದೆ, ಇಲ್ಲವೇ ಆಳುವವರೇ ಅದನ್ನು ಮರೆಮಾಚಲು ಬಯಸಿರುತ್ತಾರೆ. ಇದನ್ನೆಲ್ಲ ಬಿಟ್ಟು ‘ಯಾರೂ ಕಾಣದ ಸ್ವರ್ಗ’ ಎಂದು ಬರೆದರೆ, ತಲೆಮಾರುಗಳಿಂದ ಅಲ್ಲೇ ಬಾಳಿದವರನ್ನು ಲೆಕ್ಕಕ್ಕೇ ಹಿಡಿಯದಂತಾಗುತ್ತದೆ.

ಇಟಲಿಯ ಈಶಾನ್ಯ ಮೂಲೆಯ ಟ್ರಿಯೆಸ್ಟೆಯನ್ನೇ ನೋಡಿ. 1719ರಲ್ಲಿ ಆಸ್ಟ್ರಿಯಾವನ್ನು ಆಳುತ್ತಿದ್ದ ಚಕ್ರವರ್ತಿ ಆರನೆಯ ಚಾರ್ಲ್ಸ್ ಅದನ್ನು ಸುಂಕಮುಕ್ತ ಬಂದರೆಂದು ಸಾರಿದ. 1857ರಲ್ಲಿ ವಿಯೆನ್ನಾದಿಂದ ರೈಲು ಬಂತು. ಗ್ರೀಕ್, ಸರ್ಬಿಯನ್, ಯಹೂದಿ ವರ್ತಕರು ನೆಲೆಸಿದರು. ಅವರವರ ಪ್ರಾರ್ಥನಾ ಮಂದಿರಗಳು ಇಂದಿಗೂ ಒಂದಕ್ಕೊಂದು ನಡೆದುಹೋಗುವಷ್ಟು ಹತ್ತಿರದಲ್ಲಿವೆ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಒಡೆದು ಊರು ಇಟಲಿಗೆ ಸೇರಿತು; ಬಂದರು ಉಳಿಯಿತು, ಅದಕ್ಕೆ ಸರಕು ಕಳಿಸುತ್ತಿದ್ದ ನಾಡು ಗಡಿಯಾಚೆ ಹೋಯಿತು. 1920ರಲ್ಲಿ ಫ್ಯಾಸಿಸ್ಟರು ಸ್ಲೊವೇನ್ ಜನರ ಸಭಾಭವನವನ್ನು ಸುಟ್ಟರು. ಎರಡನೆಯ ಯುದ್ಧದಲ್ಲಿ ಅಲ್ಲಿನ ಅಕ್ಕಿ ಗಿರಣಿಯನ್ನು ನಾಜಿಗಳು ಕೊಲೆಯ ಶಿಬಿರ ಮಾಡಿಕೊಂಡರು. 1947ರಿಂದ 1954ರವರೆಗೆ ಊರು ಯಾವ ದೇಶದ್ದೆಂಬುದೇ ತೀರ್ಮಾನವಾಗಿರಲಿಲ್ಲ. ಇಷ್ಟು ತಿಳಿದ ಮೇಲೆ, ಕಡಲಿಗೆ ಮುಖಮಾಡಿದ ಚೌಕದ ಭವ್ಯ ಕಟ್ಟಡಗಳು ಬರೀ ಚೆಲುವಾಗಿ ಉಳಿಯುವುದಿಲ್ಲ; ಒಂದು ಕಾಲದ ಹಡಗು ಕಂಪನಿಯ ಸಿರಿಯಾಗಿ, ಕೈತಪ್ಪಿದ ವ್ಯಾಪಾರದ ಗುರುತಾಗಿ ಕಾಣುತ್ತವೆ. ಕೊಡಗು, ಚಿಕ್ಕಮಗಳೂರಿನ ಓದುಗರಿಗಂತೂ ಈ ಬಂದರು ತೀರ ಅನ್ಯವಲ್ಲ: ಭಾರತದ ಕಾಫಿಯ ದೊಡ್ಡ ಗಿರಾಕಿ ಇಟಲಿ, ಆ ದೇಶದ ಮುಖ್ಯ ಕಾಫಿ ಬಂದರುಗಳಲ್ಲಿ ಟ್ರಿಯೆಸ್ಟೆ ಒಂದು.

ರಜೆ ಕಳೆಯಲು ಹೊರಟವರಿಗೆ ಇತಿಹಾಸದ ಹೊರೆ ಏಕೆ ಎಂಬ ಆಕ್ಷೇಪ ಸಹಜವೇ. ಆದರೆ ಕಾರಣ ತಿಳಿದರೆ ಸಂತೋಷ ಕುಗ್ಗುವುದಿಲ್ಲ, ನೋಟ ಚುರುಕಾಗುತ್ತದೆ. ದಕ್ಷಿಣ ಇಟಲಿಯ ಮಾತೆರಾದಲ್ಲಿ ಬಂಡೆ ಕೊರೆದ ಮನೆಗಳ ಬಡತನ ದೇಶಕ್ಕೇ ನಾಚಿಕೆಗೇಡೆನಿಸಿ, ಅಲ್ಲಿನವರನ್ನು ತೆರವುಗೊಳಿಸಲು 1952ರಲ್ಲಿ ಕಾನೂನು ಬಂತು. 1993ರಲ್ಲಿ ಅದೇ ಮನೆಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. 2019ರಲ್ಲಿ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಯಿತು. ಇಂದು ಅಲ್ಲಿನ ಗುಹೆ ಹೋಟೆಲಿನಲ್ಲಿ ತಂಗುವವರಿಗೆ, ಅದೇ ಗೋಡೆಗಳ ನಡುವೆ ಒಂದು ಸಂಸಾರ ತನ್ನ ದನಕರುಗಳೊಡನೆ ಬಾಳಿತ್ತೆಂದು ಹೇಳದಿರುವುದು ಅರ್ಧಸತ್ಯ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಬರೆದರೆ ಜನ ಮುಗಿಬೀಳುತ್ತಾರೆ, ಊರು ಕೆಡುತ್ತದೆ. ವೆನಿಸ್‌ನ ಹಳೆಯ ನಗರದಲ್ಲಿ 1950ರ ದಶಕದ ಆರಂಭದಲ್ಲಿ ಸುಮಾರು 1,75,000 ನಿವಾಸಿಗಳಿದ್ದರು. ಈಗ 50,000ಕ್ಕೂ ಕಡಿಮೆ. ಇದಕ್ಕೆ ಪ್ರವಾಸೋದ್ಯಮವೊಂದೇ ಕಾರಣವಲ್ಲದಿದ್ದರೂ ಅದರ ಪಾಲು ದೊಡ್ಡದು. ಹಾಗೆಂದು ಲೇಖಕ ಸುಮ್ಮನಿದ್ದರೆ ಊರು ಉಳಿಯುವುದಿಲ್ಲ. ಮೊಬೈಲಿನ ಚಿತ್ರಗಳು ಹೇಗೂ ಜನರನ್ನು ಕರೆತರುತ್ತವೆ. ಒಂದು ಕಟ್ಟೆಯ ಮೇಲಿನ ನೋಟಕ್ಕಾಗಿ ಬಂದವರು ಅಲ್ಲೇ ಗುಂಪುಗೂಡಿ ಸಂಜೆಗೆ ಹೊರಡುತ್ತಾರೆ. ಊರಿನ ಬದುಕನ್ನು ಅರಿಯಬಯಸುವವರಿಗೆ ಒಂದೆರಡು ದಿನ ಉಳಿಯಲು ಕಾರಣವಿರುತ್ತದೆ. ಬರಹ ಜನಸಂದಣಿಯನ್ನು ತಡೆಯಲಾರದು. ಆದರೆ ಅಲ್ಲಿ ಬಾಡಿಗೆ ಏರುತ್ತಿದೆಯೇ, ಮನೆಗಳು ವಸತಿಗೃಹಗಳಾಗುತ್ತಿವೆಯೇ ಎಂಬುದನ್ನೂ ನೋಡತಕ್ಕ ಸ್ಥಳಗಳ ಜೊತೆಗೇ ಹೇಳಬಲ್ಲದು. ಅಷ್ಟನ್ನೂ ಹೇಳದ ಪ್ರವಾಸ ಲೇಖನ ಊರಿನವರಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಿದಂತಾಗದು.